ಸೋಮವಾರದ ಎಳೆ

“ಕೈ ಮೇಲೆತ್ತು ಪುಟ್ಟಬೊಮ್ಮ. ಇನ್ನೂ ಮೇಲೆ. ಬಸ್ಸಲ್ಲಿ ಕಂಬಿ ಇಡ್ಕಂಡಂಗೆ.”

ಪುಟ್ಟಬೊಮ್ಮ ಎತ್ತಿದ. ಅವನು ತೊಟ್ಟಿದ್ದ ಕರಿ ಜಾಕೀಟಿನ ಕಂಕುಳ ಹೊಲಿಗೆ ದೊಡ್ಡಮಾದಮ್ಮನ ಕಣ್ಣಿಗೆ ನೇರ ಬಂತು. ಅವಳು ಕನ್ನಡಕವನ್ನು ಹಣೆಗೇರಿಸಿ ಬರಿಗಣ್ಣನ್ನೇ ಬಟ್ಟೆಗೆ ತಾಗುವಷ್ಟು ಹತ್ತಿರ ತಂದಳು. ಹತ್ತಿರದ್ದಕ್ಕೆ ಅವಳಿಗೆ ಕನ್ನಡಕ ಬೇಡ. ದೂರದಲ್ಲಿ ಕುರ್ಚಿ ಹಾಕಿಕೊಂಡು ಕೂತ ದೊಡ್ಡವರ ಮುಖ ಕಾಣಲು ಮಾತ್ರ ಬೇಕು.

“ಕಚಗುಳಿ ಆಯ್ತದ ಕನಕ್ಕ.”

“ಬೆಂಕಿ ಒಳಕ್ಕೆ ನುಗ್ಗಕ್ಕೆ ನಿಂತಿರೋನಿಗೆ ಕಚಗುಳಿ ಅಂತೆ. ಅಲ್ಲಾಡ್ಬ್ಯಾಡ, ನಿಂತ್ಕ.”

ಹನೂರಿನ ಸಂತೆ ಮೈದಾನದಲ್ಲಿ ಆಗಲೇ ಇನ್ನೂರು ಜನ ಸೇರಿದ್ದರು. ಒಣಗಿದ ಲಂಟಾನ ಕಡ್ಡಿಯನ್ನು ಎದೆಯೆತ್ತರಕ್ಕೆ ಎರಡು ಸಾಲು ಒಟ್ಟಿ, ನಡುವೆ ಒಬ್ಬ ಮನುಷ್ಯ ನಡೆಯುವಷ್ಟು ದಾರಿ ಬಿಟ್ಟಿದ್ದರು. ಹನ್ನೊಂದು ಗಂಟೆಗೆ ಎರಡೂ ಸಾಲಿಗೆ ಬೆಂಕಿ. ಆ ದಾರಿಯಲ್ಲಿ ಪುಟ್ಟಬೊಮ್ಮ ಈ ತುದಿಯಿಂದ ಆ ತುದಿಗೆ ನಡೆಯಬೇಕು. ಮೇಲೆ ಬ್ಯಾನರು: ‘ವಜ್ರಕವಚ. ರೇಷ್ಮೆಯಲ್ಲಿ ಅರಳಿದ ಅಗ್ನಿರಕ್ಷೆ.’ ಅದರಲ್ಲಿ ಕಂಪನಿಯ ಹೆಸರಿತ್ತು, ಅರಳಿಸಿದವಳ ಹೆಸರಿರಲಿಲ್ಲ.

ಅರಳಿಸಿದವಳು ಮೀನಾ. ಹನ್ನೆರಡು ದಿನದ ಹಿಂದೆ ಕೊಳ್ಳೇಗಾಲದ ನೇಕಾರರ ಸಂಘದ ಟ್ರಂಕಿನಿಂದ ಅವಳು ನೇಯ್ದ ಕರಿ ರೇಷ್ಮೆಯ ಸುರುಳಿಯೂ ಅದನ್ನು ಮಾಡುವ ಬಗೆ ಬರೆದಿಟ್ಟ ನೋಟ್‌ಬುಕ್ಕೂ ಮಾಯವಾಗಿದ್ದವು. ಮೂರನೇ ದಿನ ವಜ್ರಕವಚ ಕಂಪನಿ, ಆ ಬಟ್ಟೆಯ ಗುಟ್ಟು ತನ್ನದೆಂದೂ ಅದನ್ನು ಕದ್ದವಳು ಮೀನಾ ಎಂದೂ ದೂರು ಕೊಟ್ಟಿತ್ತು. ಇವತ್ತು ಪುಟ್ಟಬೊಮ್ಮ ಬೆಂಕಿ ದಾಟಿ ಬಂದರೆ ಬಟ್ಟೆ ಕಂಪನಿಯದು. ಮೀನಾ ಕಳ್ಳಿ.

“ಅಮ್ಮ, ಇನ್ನು ಇಪ್ಪತ್ತು ನಿಮಿಷ,” ಎಂದ ಸಬ್ ಇನ್‌ಸ್ಪೆಕ್ಟರ್ ಗುರುಪ್ರಕಾಶ್, ವಾಚು ನೋಡಿಕೊಳ್ಳುತ್ತ. “ಏನಾದ್ರೂ ಸಿಕ್ಕಿದ್ರೆ ಈಗಲೇ ಹೇಳಿ. ಸುಮ್ನೆ ಹೊಲಿಗೆ ನೋಡ್ತಾ ನಿಂತ್ರೆ ಅಲ್ಲಿ ರೇಂಜರ್ ಸಾಹೇಬ್ರು ನನ್ನ ಮುಖ ನೋಡ್ತಾರೆ.”

“ನೋಡ್ಲಿ ಬುಡು ಗುರುವಪ್ಪ. ನೋಡೋ ಅಂತ ಮುಖವೆ.”

ಗುರುಪ್ರಕಾಶ್ ನಗಲಿಲ್ಲ, ದೂರವೂ ಸರಿಯಲಿಲ್ಲ. ಈ ಹೆಂಗಸು ಬೇಕಾದಾಗ ಮಾತ್ರ ಬೇಗ ಮಾತಾಡುತ್ತಾಳೆ ಎಂಬುದು ಹಿಂದಿನ ಎರಡು ಕೇಸಿನಲ್ಲಿ ಅವನು ಕಲಿತ ಪಾಠ.

ದೊಡ್ಡಮಾದಮ್ಮ ಮೂವತ್ತೊಂದು ವರ್ಷ ರೇಷ್ಮೆ ಕಾರ್ಖಾನೆಯಲ್ಲಿ ಕಪ್ಪು ಹಲಗೆಯ ಮುಂದೆ ಕೂತವಳು. ಬಿಳಿ ರೇಷ್ಮೆ ಎಳೆಯನ್ನು ಹಲಗೆಗೆ ಸಾಲುಸಾಲಾಗಿ ಸುತ್ತಿ, ದೀಪದ ಕೆಳಗೆ ಹಿಡಿದು, ಎಲ್ಲಿ ದಪ್ಪ, ಎಲ್ಲಿ ಸಣ್ಣ, ಎಲ್ಲಿ ಗಂಟು ಎಂದು ಹೇಳುವ ಕೆಲಸ. ಕೂಲಿಗೆ ಸೇರುವಾಗ ಅವಳ ಕೇರಿಯ ಹೆಸರು ಕೇಳಿ ಗೂಡು ಬೇಯಿಸುವ ತೊಟ್ಟಿಯ ಹತ್ತಿರ ನಿಲ್ಲಿಸಿದ್ದರು. ಎಂಟೇ ತಿಂಗಳಲ್ಲಿ ಅವಳ ಕಣ್ಣು ಅವಳನ್ನು ಹಲಗೆಯ ಮುಂದೆ ತಂದು ಕೂರಿಸಿತು. ಅವಳು ಸರಿ ಎಂದ ನೂಲು ಎಲ್ಲಿಂದಲೂ ವಾಪಸು ಬಂದದ್ದಿಲ್ಲ.

ಇವತ್ತು ನೂಲು ಕಪ್ಪು. ಅದಕ್ಕೆಂದೇ ಮನೆಯಿಂದ ಬಿಳಿ ಪಿಂಗಾಣಿ ತಟ್ಟೆಯೊಂದನ್ನು ಚೀಲದಲ್ಲಿ ತಂದಿದ್ದಳು.

“ಪುಟ್ಟಬೊಮ್ಮ, ಮೀನಾ ಕೊಟ್ಟಿದ್ದ ಬಟ್ಟೆ ಒದ್ಕಂಡು ನೀನು ಬೆಂಕಿ ಆರ್ಸಿದ್ದು ಯಾವಾಗ?”

“ಓದ್ ಬ್ಯಾಸಿಗೇಲಿ ಕನಕ್ಕ. ಗೋಪಿನಾಥಂ ಕಡೆ ಕಾಡು ಒತ್ಕಂಡಾಗ. ಗಾಳಿ ತಿರುಗ್ಬುಡ್ತು, ಉರಿ ನನ್ ಮೇಲೇ ಬಂತು. ಉಬ್ಬು ಸುಟ್ಟೋಯ್ತು. ಬೆನ್ನು ಬೆಚ್ಚಗೂ ಆಗ್ಲಿಲ್ಲ.” ಅವನು ಎತ್ತಿದ ಕೈಯಿಂದಲೇ ಹುಬ್ಬು ಮುಟ್ಟಿಕೊಂಡ. ಬೆಟ್ಟದ ಸೋಲಿಗರವನು. ಇಪ್ಪತ್ತು ಬೇಸಿಗೆ ಬೆಂಕಿ ಕಾವಲು ಮಾಡಿದ ಮೈ. “ಆ ಬಟ್ಟೆನ ಪರೀಕ್ಸೆ ಮಾಡಿಸ್ಬೇಕು ಅಂತ ಸಂಗದೋರು ಇದೇ ಕಂಪನಿಗೆ ಕಳ್ಸಿದ್ರು. ಸಲ್ಟಿಪಿಕೇಟು ಬಂತು. ಬಟ್ಟೆ ಬರ್ಲಿಲ್ಲ.”

“ಸರ್ಟಿಫಿಕೇಟು ಯಾರ ಹೆಸರಿಗೆ ಬಂತು?”

“ಅದ್ಯಾಕೆ ಕೇಳ್ತೀಯೆ. ಕಂಪನಿ ಎಸರಿಗೇ.”

“ಈಗ ಇದು ಅದೇ ಬಟ್ಟೆಯ?”

“ಅದೇ ಅಂದ್ರು. ಕರ್ರಗದಲ್ಲ.”

ದೊಡ್ಡಮಾದಮ್ಮ ಹೊಲಿಗೆಯ ಒಳಗಿನ ಅಂಚಿನಿಂದ ಒಂದು ಎಳೆಯನ್ನು ಉಗುರಿನಿಂದ ಎಬ್ಬಿಸಿದಳು. ಗೇಣುದ್ದ ಬಂತು. ಅದನ್ನು ಕತ್ತರಿಸಿ, ಮಡಿಸಿ, ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

“ಕೈ ಇಳ್ಸು. ಅಲ್ಲೇ ಇರು. ನಾನು ಬರಗಂಟ ಯಾರು ಕರದ್ರೂ ಆ ಕಡ್ಡಿ ಹತ್ರಕ್ಕೆ ಓಗ್ಬ್ಯಾಡ.”

*

ದೇವರಾಜು ವಜ್ರಕವಚದ ಸಂಶೋಧನಾ ವಿಭಾಗದ ಮುಖ್ಯಸ್ಥ. ನಲವತ್ತರ ಆಸುಪಾಸು, ಇಸ್ತ್ರಿ ಮುರಿಯದ ಅಂಗಿ. ಅವಳು ಬರುವುದನ್ನು ನೋಡಿ ಎದ್ದು ನಿಂತು, ಪಕ್ಕದ ಕುರ್ಚಿ ತೋರಿಸಿದ. ಮರ್ಯಾದೆ ಗೊತ್ತಿರುವ ಮನುಷ್ಯ. ಅದು ಅವಳಿಗೆ ಇನ್ನಷ್ಟು ಕಷ್ಟವಾಯಿತು. ಬೈಯುವವರನ್ನು ಎದುರಿಸುವುದು ಅವಳಿಗೆ ಸಲೀಸು.

ಆಚೆ ಕುರ್ಚಿಯಲ್ಲಿ ರೇಂಜರ್ ಸಾಹೇಬರು ಎಳನೀರು ಹಿಡಿದು ಕೂತಿದ್ದರು. ಮುನ್ನೂರು ಬೆಂಕಿ ಕಾವಲುಗಾರರಿಗೆ ಜಾಕೀಟು ಕೊಳ್ಳಬೇಕೆಂದು ಮೇಲಕ್ಕೆ ಬರೆಯುವವರು ಅವರೇ.

“ಕೇಳಿ ಅಮ್ಮ,” ಎಂದ ದೇವರಾಜು. “ಆ ಹುಡುಗಿ ನಮ್ಮ ಲ್ಯಾಬಿನಲ್ಲಿ ಮೂರು ತಿಂಗಳು ಟ್ರೈನಿಂಗ್ ಮಾಡಿದ್ದಾಳೆ. ಒಳ್ಳೆ ಕೈ. ಕೈ ಒಳ್ಳೆಯದು ಅಂತ ಫಾರ್ಮುಲಾ ಅವಳದಾಗಲ್ಲ.”

“ಸರಿ ಸಾ. ನೀವು ಓದ್ದೋರು, ನನ್ನ ಒಂದೆರ್ಡು ಡೌಟು ಕೇಳ್ತೀನಿ. ನಿಮ್ಮ ಲ್ಯಾಬಿಗೆ ವಾರದಲ್ಲಿ ಯಾವತ್ತು ರಜ?”

“ರಜಾನೇ ಇಲ್ಲ. ಮೂರು ಶಿಫ್ಟು, ಏಳು ದಿನ.” ಹೇಳುವಾಗ ಅವನ ಬೆನ್ನು ಸ್ವಲ್ಪ ನೆಟ್ಟಗಾಯಿತು.

ದೊಡ್ಡಮಾದಮ್ಮ ಚೀಲದಿಂದ ಜೆರಾಕ್ಸ್ ಹಾಳೆ ತೆಗೆದಳು. ಕಂಪನಿ ದೂರಿನ ಜೊತೆ ಕೊಟ್ಟಿದ್ದ ‘ಲ್ಯಾಬ್ ನೋಟ್‌ಬುಕ್’. ಇಪ್ಪತ್ನಾಲ್ಕು ಸಾಲು. ಒಂದೊಂದು ಸಾಲೂ ಒಂದೊಂದು ಕಂತೆ ನೂಲು: ಯಾವ ಸಂಜೆ ಪಾತ್ರೆಗೆ ಹಾಕಿದರು, ಯಾವ ಸಂಜೆ ತೆಗೆದರು.

“ನಾನು ನೂಲಿನ ಸಾಲು ಓದೋಳು. ಅಕ್ಷರದ ಸಾಲೂ ಅಂಗೇ ಓದ್ದೆ, ದಪ್ಪ ಎಲ್ಲದೆ, ಸಣ್ಣ ಎಲ್ಲದೆ ಅಂತ. ಐದು ಸಾಲು ಇಪ್ಪತ್ನಾಕು ಗಂಟೆ. ಆರ್ನೇದು ನಲವತ್ತೆಂಟು. ಮತ್ತೆ ಐದು ಸಾಲು ಇಪ್ಪತ್ನಾಕು, ಆರ್ನೇದು ನಲವತ್ತೆಂಟು. ನಾಕು ವಾರ ಇಂಗೇ ಅದೆ. ಆರ್ನೇದು ಯಾಕೆ ಸಾ ಅಷ್ಟು ದಪ್ಪ?”

“ಪ್ರಯೋಗ ಅಂದ ಮೇಲೆ ಬೇರೆ ಬೇರೆ ಅವಧಿ ನೋಡ್ತೀವಿ.”

“ಬ್ಯಾರೆ ಬ್ಯಾರೆ ನೋಡ್ಲಿಲ್ಲ. ಎರಡೇ ನೋಡೀರಿ. ಅದೂ ಗಡಿಯಾರ ಇಟ್ಟಂಗೆ. ತಾರೀಕು ನೋಡ್ರಿ. ಗುರುವಾರ ಯಾರೂ ಪಾತ್ರೆ ಮುಟ್ಟಿಲ್ಲ. ನಾಕು ಗುರುವಾರ, ಒಂದು ಅಕ್ಷರ ಇಲ್ಲ.”

“ಮೆಂಟೆನೆನ್ಸ್ ಇದ್ದಿರಬೇಕು.”

“ಏಳು ದಿನ ಅಂದ್ರಿ.”

ರೇಂಜರ್ ಎಳನೀರಿನ ಸ್ಟ್ರಾ ಬಾಯಿಂದ ತೆಗೆದರು.

ದೊಡ್ಡಮಾದಮ್ಮ ದನಿ ಏರಿಸಲಿಲ್ಲ. “ನಾನು ಏಳ್ತೀನಿ ಕೇಳಿ. ಮೀನಾನ ಮನೇಲಿ ಸೋಮವಾರ ಮಗ್ಗದ ಮ್ಯಾಲೆ ಕೂರಲ್ಲ, ಬಣ್ಣದ ಪಾತ್ರೆ ಒಲೆಗೆ ಇಡಲ್ಲ, ಇಟ್ಟಿದ್ನ ಮುಟ್ಟೂ ಇಲ್ಲ. ಮಾದಪ್ಪನ ವಾರ. ಅವರಜ್ಜಿ ಕಾಲದಿಂದ ಬಂದದ್ದು. ಭಾನುವಾರ ಸಂದ್ಯಾಗೆ ಹಾಕಿದ್ ನೂಲು ಸೋಮವಾರ ಎಲ್ಲ ಅದ್ರಲ್ಲೇ ಬಿದ್ದಿರ್ತದೆ. ಮಂಗಳವಾರ ಸಂದ್ಯಾಗೆ ತಗೀತಾರೆ. ಅದು ಆರ್ನೇ ಸಾಲು. ಅವಳ ಪುಸ್ತಕ ನೋಡ್ಕಂಡು ಬರದೋರು, ನಮ್ದು ಮೊದ್ಲು ಅಂತ ತೋರ್ಸಕ್ಕೆ ಎಲ್ಲಾ ತಾರೀಕನ್ನೂ ಅರವತ್ತು ದಿನ ಇಂದಕ್ಕೆ ತಳ್ಳವ್ರೆ. ತಾರೀಕು ಇಂದಕ್ಕೆ ಓಯ್ತು. ಸೋಮವಾರದ ರಜ ಗುರುವಾರದ ಮ್ಯಾಲೆ ಓಗಿ ಕೂತ್ಕತು.”

ಗುರುಪ್ರಕಾಶ್ ಹಾಳೆಯನ್ನು ಅವಳ ಕೈಯಿಂದ ತೆಗೆದುಕೊಂಡು, ಮೊಬೈಲಿನ ಕ್ಯಾಲೆಂಡರ್ ತೆರೆದು, ಒಂದೊಂದೇ ತಾರೀಕು ನೋಡತೊಡಗಿದ. ಬೆರಳು ನಾಲ್ಕು ಸಲ ನಿಂತಿತು.

“ಕಾಕತಾಳೀಯ,” ಎಂದ ದೇವರಾಜು. ದನಿ ಗಟ್ಟಿಯಾಗಿಯೇ ಇತ್ತು. “ದಿನಗಳ ಮೇಲೆ ಯಾರೂ ಕೇಸು ನಿಲ್ಲಿಸಕ್ಕಾಗಲ್ಲ. ನಮ್ಮ ಬಟ್ಟೆ ಕಣ್ಣ ಮುಂದೆ ಇದೆ. ಬೆಂಕಿ ಹಚ್ಚಿದರೆ ಐದು ನಿಮಿಷದಲ್ಲಿ ಉತ್ತರ ಸಿಗುತ್ತೆ.”

“ಉತ್ತರ ಅವನ ಮೈ ಮ್ಯಾಲೆ ಬರೀಬ್ಯಾಡಿ ಸಾ. ಈ ಜಾಕೀಟಿನ ನೂಲು ಎಷ್ಟು ಹೊತ್ತು ನೆಂದದ್ದು?”

“ಸ್ಟ್ಯಾಂಡರ್ಡ್. ಇಪ್ಪತ್ನಾಲ್ಕು ಗಂಟೆ.”

“ಎಲ್ಲಾನೂವ?”

“ಎಲ್ಲಾ. ಆ ನಲವತ್ತೆಂಟು ಶಿಸ್ತಿಲ್ಲದ ಎಂಟ್ರಿ. ಸುಮ್ಮನೆ ಒಂದು ದಿನ ವೇಸ್ಟ್. ಉತ್ಪಾದನೆಗೆ ತರುವಾಗ ಅಂಥದ್ದನ್ನೆಲ್ಲ ತೆಗೆದು ಒಂದೇ ಸಮ ಮಾಡ್ತೀವಿ. ಅದೇ ಎಂಜಿನಿಯರಿಂಗ್.”

ದೊಡ್ಡಮಾದಮ್ಮನ ಮುಖದಲ್ಲಿ ಗೆಲುವೇನೂ ಕಾಣಲಿಲ್ಲ. ಅವಳು ಕುರ್ಚಿಯ ಮೇಲೆ ಪಿಂಗಾಣಿ ತಟ್ಟೆಯನ್ನಿಟ್ಟು, ಸೆರಗಿನ ಗಂಟು ಬಿಚ್ಚಿ, ಜಾಕೀಟಿನ ಎಳೆಯನ್ನು ತಟ್ಟೆಗೆ ಹಾಕಿದಳು. ಕುಪ್ಪಸದೊಳಗಿಂದ ಒಂದು ಪುಟ್ಟ ಪ್ಲಾಸ್ಟಿಕ್ ಪೊಟ್ಟಣ ತೆಗೆದಳು. ಅದರಲ್ಲಿ ಎರಡು ಬೆರಳಗಲದ ಕರಿ ಬಟ್ಟೆಯ ಪಟ್ಟಿ. ಸುರುಳಿ ಕಳುವಾಗುವ ಮೊದಲು ನೋಡಲೆಂದು ಮೀನಾ ಅವಳಿಗೆ ಕೊಟ್ಟಿದ್ದು. ಹೊರಗೆ ಉಳಿದಿದ್ದ ತುಂಡು ಅದೊಂದೇ.

“ಸಾಹೇಬ್ರು ಇತ್ಲಾಗೆ ಬನ್ನಿ,” ಎಂದಳು ರೇಂಜರಿಗೆ. “ಹತ್ರಕ್ಕೆ. ಇದು ದೂರದಿಂದ ಕಾಣೋದಲ್ಲ.”

ಅವರು ಎಳನೀರು ಕೆಳಗಿಟ್ಟು ಬಂದರು.

ಅವಳು ಜಾಕೀಟಿನ ಎಳೆಯ ಎರಡು ತುದಿಯನ್ನು ಎರಡು ಕೈಯಲ್ಲಿ ಹಿಡಿದು, ಹುರಿಗೆ ಎದುರಾಗಿ ತಿರುಗಿಸಿದಳು. ಎಳೆ ಸಡಿಲಿ ಬಿಚ್ಚಿಕೊಂಡಿತು. ಮೇಲೆ ಕಾಡಿಗೆ ಕಪ್ಪು. ಒಳಗೆ ಹಲಸಿನ ತೊಳೆಯ ನಾರಿನ ಹಾಗೆ ಬೆಳ್ಳಗೆ.

ಮೀನಾಳ ಪಟ್ಟಿಯಿಂದ ಒಂದು ಎಳೆ ಎಳೆದು ಅದನ್ನೂ ಬಿಚ್ಚಿದಳು. ಮೇಲೂ ಕಪ್ಪು, ಒಳಗೂ ಕಪ್ಪು. ಬಿಳಿ ತಟ್ಟೆಯ ಮೇಲೆ ಎರಡೂ ಪಕ್ಕಪಕ್ಕ ಬಿದ್ದಿದ್ದವು. ಕನ್ನಡಕ ಇಲ್ಲದವರಿಗೂ ಕಾಣುತ್ತಿತ್ತು.

“ಊರಲ್ಲಿ ಎಲ್ರೂ ರೇಷ್ಮೆ ಅಂಟು ತೊಳ್ದು ಚೆಲ್ತಾರೆ, ಹೊಳೀಲಿ ಅಂತ. ಈ ಹುಡುಗಿ ಅಂಟು ಉಳಿಸ್ಕಂಡ್ಳು. ಬೆಟ್ಟದೋರು ಆಯ್ಕಂಡು ಬರೋ ಅಳಲೇಕಾಯಿ ಕುದ್ಸಿ ಅದರ ಒಗರು ಕುಡಿಸಿದ್ಳು. ತುಕ್ಕಿಡ್ದ ಕುಡುಗೋಲು ನೆನಾಕಿದ್ ನೀರು ಕುಡಿಸಿದ್ಳು. ಅಂಟು, ಒಗರು, ಕಬ್ಬಿಣ ಮೂರೂ ಬೆರ್ತ್ಕಂಡು ಕಲ್ಲಾಗ್ಬೇಕು. ಉರಿ ತಾಕಿದ್ರೆ ಮ್ಯಾಲೆ ಇದ್ಲಿನ ಚಕ್ಕೆ ಕಟ್ಬೇಕು, ಒಳೀಕೆ ಬುಡ್ಬಾರ್ದು. ಆದ್ರೆ ಅಂಟು ಜಿಗುಟು. ಒಗರು ಒಳಗಂಟ ಇಳೀಬೇಕಾದ್ರೆ ಎರಡು ದಿನ ಬೇಕು. ಒಂದಿನಕ್ಕೆ ತಗದ್ರೆ ಚರ್ಮ ಮಾತ್ರ ಕಪ್ಪು. ಇಪ್ಪತ್ನಾಕು ಕಂತೆ ನೂಲಲ್ಲಿ ಬೆಂಕಿಗೆ ನಿಂತಿದ್ದು ನಾಕೇ. ಸೋಮವಾರದ್ದು.”

“ಬಾಯಿ ಮಾತು,” ಎಂದ ದೇವರಾಜು. ಆದರೆ ಅವನ ಕಣ್ಣು ತಟ್ಟೆಯಿಂದ ಏಳಲಿಲ್ಲ.

“ಗುರುವಪ್ಪ, ಬೆಂಕಿಪೊಟ್ಣ ಕೊಡು. ಸೇದೋದು ಬುಟ್ಟಿದ್ದೀನಿ ಅನ್ಬ್ಯಾಡ. ಎಡಗಡೆ ಜೋಬಲ್ಲದೆ.”

ಗುರುಪ್ರಕಾಶ್ ಎಡಗಡೆ ಜೇಬಿಗೇ ಕೈ ಹಾಕಿದ.

ಪುಟ್ಟಬೊಮ್ಮ ಅಲ್ಲಿಂದಲೇ ಎಲ್ಲ ಕೇಳಿಸಿಕೊಂಡಿದ್ದ. ಅವಳು ಹೇಳುವ ಮೊದಲೇ ಜಾಕೀಟು ಬಿಚ್ಚಿಕೊಂಡು ಬಂದು, ಅದರ ತೋಳಿನ ತುದಿಯನ್ನು ಅವಳ ಮುಂದೆ ಹಿಡಿದ. ಅವಳು ಕಡ್ಡಿ ಗೀರಿದಳು. ಉರಿ ತೋಳಿನ ಅಂಚಿಗೆ ತಾಗಿತು, ಒಂದು ಉಸಿರು ಯೋಚಿಸಿತು, ಆಮೇಲೆ ಮೇಲೇರಿತು. ಗೇಣು. ಎರಡು ಗೇಣು. ಕೂದಲು ಸುಟ್ಟ ವಾಸನೆ. ಪುಟ್ಟಬೊಮ್ಮ ಜಾಕೀಟನ್ನು ನೆಲಕ್ಕೆ ಬಿಟ್ಟು ಕಾಲಿನಿಂದ ಹೊಸಕಿದ, ಕಾಡಿನಲ್ಲಿ ಕಿಡಿ ಹೊಸಕುವ ಹಾಗೆ, ಅವಸರವಿಲ್ಲದೆ.

ಇನ್ನೊಂದು ಕಡ್ಡಿ. ಈಗ ಮೀನಾಳ ಪಟ್ಟಿ.

ಅದನ್ನು ಸುಡುವ ಮುನ್ನ ದೊಡ್ಡಮಾದಮ್ಮನ ಕೈ ಒಂದು ಚಣ ತಡೆಯಿತು. ಇದು ಹೋದರೆ ಕೈಯಲ್ಲಿ ಬೇರೆ ತುಂಡಿಲ್ಲ. ಆದರೆ ಜನ ನೋಡಲೇಬೇಕಿತ್ತು. ಕಂಪನಿಯ ಬಟ್ಟೆ ಸುಟ್ಟಿತೆಂದು ತೋರಿಸಿದರೆ ಪುಟ್ಟಬೊಮ್ಮ ಉಳಿಯುತ್ತಾನೆ, ಅಷ್ಟೆ. ಮೀನಾ ಉಳಿಯಬೇಕಾದರೆ ಅವಳ ಬಟ್ಟೆ ನಿಲ್ಲುವುದು ಕಾಣಬೇಕು.

ಹಚ್ಚಿದಳು.

ಉರಿ ಪಟ್ಟಿಯನ್ನು ನೆಕ್ಕಿತು. ಪಟ್ಟಿ ಮುದುರಲಿಲ್ಲ. ಮೇಲೆ ಸಣ್ಣ ಚಕ್ಕೆ ಎದ್ದಿತು, ಒಣಗಿದ ಕೆರೆಯ ಮಣ್ಣಿನ ಹಾಗೆ. ಕಡ್ಡಿ ಉರಿದು ಅವಳ ಬೆರಳಿನವರೆಗೆ ಬಂದು ಆರಿತು. ಮೂರನೇ ಕಡ್ಡಿ. ನಾಲ್ಕನೆಯದು. ಐದನೇ ಕಡ್ಡಿಯನ್ನು ರೇಂಜರೇ ಗೀರಿದರು, ಪಟ್ಟಿಯ ಒಂದೇ ಜಾಗಕ್ಕೆ ಹಿಡಿದರು, ಹಿಡಿದೇ ಇದ್ದರು. ಪಟ್ಟಿ ಅರ್ಧದಷ್ಟು ಇದ್ದಿಲಾಗಿ ಪುಡಿಯಾಯಿತು. ಆದರೆ ಉರಿ ಒಮ್ಮೆಯೂ ಹತ್ತಲಿಲ್ಲ.

ಜನ ಯಾವಾಗ ಇಷ್ಟು ಹತ್ತಿರ ಬಂದಿದ್ದರೋ ಗೊತ್ತಿಲ್ಲ. ಕೌದಳ್ಳಿಯಿಂದ ಬಂದಿದ್ದ ಒಬ್ಬ ಹೆಂಗಸು, “ಇದನ್ನ ನಮ್ ಕೊಳ್ಳೇಗಾಲ್ದ ಮಗ್ಗದಲ್ಲಿ ನೇಯ್ದದ್ದಾ?” ಎಂದು ಕೇಳಿದಳು.

“ಊ ಕನವ್ವ. ಎರಡು ಕಾಲು, ಎರಡು ಕೈ, ಒಂದು ಗುಂಡಿ ಮಗ್ಗ.”

“ಎಂಗಸಾ?”

“ಎಂಗಸೇ.”

ಆ ಹೆಂಗಸು ಸೆರಗನ್ನು ಸರಿಮಾಡಿಕೊಂಡು ಸುತ್ತ ಒಮ್ಮೆ ನೋಡಿದಳು, ನೇಯ್ದವಳು ತಾನೇ ಎಂಬಂತೆ.

ಪುಟ್ಟಬೊಮ್ಮ ದೇವರಾಜುವಿನ ಮುಂದೆ ಬಂದು ನಿಂತ. ಬರೀ ಬನೀನಿನಲ್ಲಿದ್ದ. “ನಾನು ಬೆಂಕಿಗೆ ಎದರೋನಲ್ಲ ಸಾ. ಎದರಿದ್ರೆ ಕಾಡು ಉಳೀತಿರ್ಲಿಲ್ಲ. ಆದ್ರೆ ಪರೀಕ್ಸೆಗೆ ನನ್ ಮೈ, ಬ್ಯಾನರಿಗೆ ನಿಮ್ ಎಸರು, ಇದ್ಯಾವ್ ನ್ಯಾಯ? ನಿಮ್ಮೋರು ಒಬ್ರು ಮೊದ್ಲು ಆಕ್ಕಂಡು ನೋಡ್ಬೋದಾಗಿತ್ತಲ್ಲ.”

ದೇವರಾಜುವಿನ ಮುಖದಲ್ಲಿ ಕಳ್ಳನ ಭಯವಿರಲಿಲ್ಲ. ಪರೀಕ್ಷೆಯಲ್ಲಿ ನಕಲು ಹೊಡೆದು, ಪ್ರಶ್ನೆಯೇ ಬೇರೆಯಿತ್ತೆಂದು ಆಮೇಲೆ ತಿಳಿದವನ ಪೆಚ್ಚುತನವಿತ್ತು. ಅವನು ತನಗೇ ಎಂಬಂತೆ ಅಂದ:

“ನಲವತ್ತೆಂಟು ಮಾತ್ರ ಪಾಸು ಅಂತ ಮೂಲದಲ್ಲಿ ಎಲ್ಲೂ ಬರೆದಿಲ್ಲವಲ್ಲ.”

ದೊಡ್ಡಮಾದಮ್ಮ ತಲೆಯೆತ್ತಿದಳು. ಕನ್ನಡಕವನ್ನು ಹಣೆಯಿಂದ ಕಣ್ಣಿಗಿಳಿಸಿದಳು. ಈಗ ಅವಳಿಗೆ ಅವನ ಮುಖ ನೋಡಬೇಕಿತ್ತು.

“ಯಾವ ಮೂಲದಲ್ಲಿ ಸಾ?”

ಅವನು ಬಾಯಿ ಮುಚ್ಚಿದ. ತಡವಾಗಿತ್ತು.

ಗುರುಪ್ರಕಾಶ್ ಕೈ ಚಾಚಿದ. “ಫೋನ್ ಕೊಡಿ.”

*

ಇಪ್ಪತ್ನಾಲ್ಕು ಸಾಲೂ ಒಂದೇ ಫೋಟೋದಲ್ಲಿದ್ದವು. ಶಾಲೆಯ ನೋಟ್‌ಬುಕ್ಕಿನ ಎರಡು ಪುಟ, ನೀಲಿ ಬಾಲ್‌ಪೆನ್, ಮೀನಾಳ ದುಂಡು ಅಕ್ಷರ. ಹನ್ನೆರಡು ದಿನದ ಹಿಂದೆ ಯಾವುದೋ ನಂಬರಿನಿಂದ ಬಂದದ್ದು. ಆ ನಂಬರು ಈಗ ಬಂದ್.

“ನಾನು ಕದ್ದಿಲ್ಲ,” ಎಂದ ದೇವರಾಜು. “ನಮ್ಮ ಮ್ಯಾನೇಜ್‌ಮೆಂಟಿಗೆ ಬಂತು, ನನಗೆ ಕಳಿಸಿದರು. ನೀಟಾಗಿ ಬರೆದುಕೊಡು ಅಂದರು. ಬರೆದೆ.”

“ಆರ್ನೇ ಸಾಲಿನ ಪಕ್ಕದಲ್ಲಿ ಏನದೆ ನೋಡ್ರಿ,” ಎಂದಳು ದೊಡ್ಡಮಾದಮ್ಮ.

ಆರನೇ ಸಾಲಿನ ಎಡಕ್ಕೆ ಮೂರು ಅಡ್ಡ ಗೆರೆ. ಹನ್ನೆರಡರ ಪಕ್ಕದಲ್ಲೂ, ಹದಿನೆಂಟು, ಇಪ್ಪತ್ನಾಲ್ಕರ ಪಕ್ಕದಲ್ಲೂ.

“ಅದು ವಿಭೂತಿ ಗುರುತು. ದೇವರ ಗುರುತು ಅಂತ ಬಿಟ್ಟೆ.”

“ಅದೇ ಪಾಸು ಅಂತ ಬರ್ದಿರೋದು. ಬೆಂಕಿಗೆ ನಿಂತ ಸಾಲಿಗೆಲ್ಲ ಮಾದಪ್ಪನ ಮೂರು ಗೆರೆ ಎಳದ್ಲು ಹುಡುಗಿ. ನಂಗೆ ಬಾಯಲ್ಲಿ ಏಳಿದ್ಲು. ಪುಸ್ತಕ ಇಲ್ದೆ ತೋರ್ಸಕ್ಕಾಗ್ಲಿಲ್ಲ. ನೀವು ಎಲ್ಲಾ ಕದ್ರಿ, ಗುಟ್ಟು ಮಾತ್ರ ಅಲ್ಲೇ ಬುಟ್ಟು ಬಂದ್ರಿ.”

ಯಾರೋ ನಕ್ಕರು. ನಗು ಒಬ್ಬರಿಂದೊಬ್ಬರಿಗೆ ಹಬ್ಬಿತು. ದೊಡ್ಡಮಾದಮ್ಮನಿಗೂ ಒಳಗೆ ಏನೋ ಅಗಲವಾಯಿತು. ಡಿಪ್ಲೊಮಾ ಮುಗಿಸಿ ಗುಂಡಿ ಮಗ್ಗಕ್ಕೇ ವಾಪಸು ಬಂದ ಹುಡುಗಿ. ಲ್ಯಾಬು ಎಂದರೆ ಹಿತ್ತಲಿನ ಒಲೆ, ಯಂತ್ರ ಎಂದರೆ ತುಕ್ಕು ಹಿಡಿದ ಕುಡುಗೋಲು. ಅದರಲ್ಲಿ ಇಂಥದ್ದನ್ನು ಮಾಡಿದಳು. ಇನ್ನು ಇವಳನ್ನು ‘ಒಳ್ಳೆ ಕೈ’ ಎಂದು ಬೆನ್ನು ತಟ್ಟಿ ಕಳಿಸಲು ಯಾರಿಗೂ ಆಗುವುದಿಲ್ಲ. ಕೈಗೆ ತಲೆಯಿದೆ ಎಂದು ಇನ್ನೂರು ಜನ ಹಗಲು ಬೆಳಕಿನಲ್ಲಿ ನೋಡಿದ್ದಾರೆ.

ರೇಂಜರ್ ಗಂಟಲು ಸರಿಮಾಡಿಕೊಂಡರು. “ಪುಸ್ತಕ ಯಾರದ್ದು ಅನ್ನೋದು ಪೊಲೀಸರ ಪಾಲು. ಟ್ರೈನಿಂಗಿನಲ್ಲಿ ಕಲಿತು ಬರೆದಳು ಅಂತ ನಾಳೆ ಇವರ ವಕೀಲರು ಹೇಳಬಹುದು. ನನಗೆ ಬಟ್ಟೆ ಬೇಕು. ಅರ್ಧ ಸುಟ್ಟ ಪಟ್ಟಿಯ ಚೂರನ್ನ ಮೇಲಕ್ಕೆ ಕಳಿಸೋಕಾಗಲ್ಲ. ಅವಳ ಮಗ್ಗದ್ದೇ ಎಂದು ತೋರುವ ಒಂದು ಗೇಣು ಬಟ್ಟೆ ನಾಳೆ ಬೆಳಿಗ್ಗೆ ಹತ್ತಕ್ಕೆ ತನ್ನಿ. ಬೆಂಕಿಗೆ ನಿಂತರೆ, ನೇಯ್ದವಳ ಹೆಸರೇ ಬರೆಯುತ್ತೇನೆ.”

“ಅಲ್ಲಿವರೆಗೂ ಮೀನಾನ ಕರೆಸಲ್ಲ,” ಎಂದ ಗುರುಪ್ರಕಾಶ್. “ಬಟ್ಟೆ ಬರಲಿಲ್ಲ ಅಂದ್ರೆ ದೂರು ಹಂಗೇ ಇರುತ್ತೆ ಅಮ್ಮ. ನನ್ನ ಕೈಲಿ ಏನೂ ಇರಲ್ಲ.”

“ಒಂದು ಗೇಣು ಅದೆ,” ಎಂದಳು ದೊಡ್ಡಮಾದಮ್ಮ.

ಇತ್ತು. ನೇಯುವವರು ಬಟ್ಟೆಯನ್ನು ಪೂರ್ತಿ ಕತ್ತರಿಸುವುದಿಲ್ಲ. ಕೊನೆಯ ಗೇಣನ್ನು ಮಗ್ಗದ ಅಚ್ಚಿನಲ್ಲೇ, ಎಳೆಗಳು ಹಾಯುವ ಆ ಬಾಚಣಿಗೆಯ ಹಲ್ಲಿನಲ್ಲೇ, ಉಳಿಸುತ್ತಾರೆ. ಹೊಸ ಹಾಸಿನ, ಅಂದರೆ ಉದ್ದಕ್ಕೆ ಹೂಡುವ ನೂಲಿನ, ಒಂದೊಂದು ಎಳೆಯನ್ನೂ ಹಳೆಯ ಎಳೆಯ ತುದಿಗೆ ಬೂದಿ ಮುಟ್ಟಿ ಹೊಸೆದು ಸೇರಿಸಲು ಅದು ಬೇಕು. ಸುರುಳಿ ಕದ್ದವನು ಟ್ರಂಕು ನೋಡಿದ್ದ, ಮಗ್ಗ ಮುಟ್ಟಿರಲಿಲ್ಲ. ಮೀನಾಳ ಅಚ್ಚಿನಲ್ಲಿ ಸೋಮವಾರದ ನೂಲಿನ ಆ ಒಂದು ಗೇಣು ಹಾಗೇ ಉಳಿದಿತ್ತು.

ಇವತ್ತು ಬೆಳಿಗ್ಗೆ ಏಳಕ್ಕೆ ಆ ಅಚ್ಚನ್ನು ಹಳೇ ಸೀರೆಯಲ್ಲಿ ಸುತ್ತಿ, ಮೀನಾಳನ್ನು ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನಲ್ಲಿ ಯಳಂದೂರು ಬಸ್ಸಿಗೆ ಹತ್ತಿಸಿದವಳು ದೊಡ್ಡಮಾದಮ್ಮನೇ. ಅಚ್ಚಿನ ಕೋಲಿಗೆ ಮೀನಾಳ ಅಜ್ಜಿ ಕಟ್ಟಿದ್ದ ಮಾದಪ್ಪನ ಕಂಚಿನ ಗೆಜ್ಜೆಯೊಂದಿತ್ತು. ಬಸ್ಸು ಕುಲುಕಿದಾಗ ಸೀರೆಯ ಒಳಗಿಂದ ಅದು ಒಡಕು ದನಿಯಲ್ಲಿ ಕಿಣಿ ಎಂದಿತ್ತು. “ಪುಟ್ಟಸಿದ್ದಯ್ಯನ ಮನೇಲಿರು. ಅಲ್ಲಿ ಯಾರೂ ಉಡುಕಲ್ಲ. ಅಂಗೇ ಹೊಸ ಹಾಸು ಸೇರಿಸ್ಕೊಡ್ತಾನೆ,” ಎಂದು ಹೇಳಿ ಕಳಿಸಿದ್ದಳು. ಸಂಘದ ಎಲ್ಲ ಮಗ್ಗಕ್ಕೂ ಎಳೆ ಸೇರಿಸುವವನು ಯಳಂದೂರಿನ ಮುದುಕ ಪುಟ್ಟಸಿದ್ದಯ್ಯನೇ. ಮೀನಾಳಿಗೆ ಎಳೆ ಹೊಸೆಯಲು ಕಲಿಸಿದವನೂ ಅವನೇ.

“ಒಂದ್ ಚಣ ಇರು ಗುರುವಪ್ಪ. ಆ ಪೋಟಾ ದೊಡ್ದು ಮಾಡು.”

ಅವನು ಎರಡು ಬೆರಳಿನಿಂದ ಹಿಗ್ಗಿಸಿದ.

“ಅಲ್ಲಲ್ಲ. ಅಕ್ಷರ ಬ್ಯಾಡ. ಮೂಲೆ. ಪುಟ ಮಡಚ್ಕಳ್ದಂಗೆ ಒತ್ತಿಡ್ದಿರೋದು.”

ಪುಟದ ಕೆಳಮೂಲೆಯನ್ನು ಒಂದು ಹೆಬ್ಬೆರಳು ಒತ್ತಿ ಹಿಡಿದಿತ್ತು. ಎಡಗೈಯದು. ಮುದಿ ಚರ್ಮ. ದೊಡ್ಡಮಾದಮ್ಮ ಕನ್ನಡಕ ತೆಗೆದು ಫೋನನ್ನು ಕಣ್ಣಿಗೆ ತಂದಳು. ಹೆಬ್ಬೆರಳ ತುದಿಯಲ್ಲಿ, ಉಗುರಿನ ಪಕ್ಕದಿಂದ ಓರೆಯಾಗಿ ಇಳಿದ ಒಂದು ಗೀರು. ಗಾಯದ್ದಲ್ಲ. ಐವತ್ತು ವರ್ಷ ಒಂದೇ ಜಾಗದಲ್ಲಿ ಎಳೆ ಹೊಸೆದು ಹೊಸೆದು ಬಿದ್ದ ಕಾಲುವೆ. ಅದರ ತಳದಲ್ಲಿ ಎಷ್ಟು ತೊಳೆದರೂ ಹೋಗದ ಬೂದಿಯ ಬೂದು.

ಎಳೆ ಸೇರಿಸುವವರೆಲ್ಲ ಬಲಗೈಯಲ್ಲಿ ಹೊಸೆಯುತ್ತಾರೆ. ಕೊಳ್ಳೇಗಾಲ, ಹನೂರು, ಯಳಂದೂರು, ಮೂರು ತಾಲ್ಲೂಕಿನಲ್ಲೂ ಎಡಗೈಯಲ್ಲಿ ಹೊಸೆಯುವವನು ಒಬ್ಬನೇ.

ಸುತ್ತ ಜನ ಇನ್ನೂ ನಗುತ್ತಿದ್ದರು. ಕೌದಳ್ಳಿಯ ಹೆಂಗಸು ಯಾರಿಗೋ ಗುಂಡಿ ಮಗ್ಗದ ಕಥೆ ಹೇಳುತ್ತಿದ್ದಳು. ದೊಡ್ಡಮಾದಮ್ಮನಿಗೆ ಆ ಸದ್ದೆಲ್ಲ ಎಲ್ಲೋ ದೂರ ಹೋಯಿತು.

“ಏನಾಯ್ತಮ್ಮ?”

ಅವಳು ತನ್ನ ಪುಟ್ಟ ಫೋನು ತೆಗೆದು ಮೀನಾಳ ನಂಬರು ಒತ್ತಿದಳು. ಸ್ವಿಚ್ಡ್ ಆಫ್. ಇನ್ನೊಂದು ನಂಬರು ಒತ್ತಿದಳು. ಮೂರನೇ ರಿಂಗಿಗೆ ಎತ್ತಿದರು.

“ಏನ್ ಮಾದಕ್ಕ,” ಎಂದಿತು ಪುಟ್ಟಸಿದ್ದಯ್ಯನ ಮೆತ್ತನೆ ದನಿ. “ಬಾಳ ದಿನಕ್ಕೆ ಗ್ಯಾಪ್ನ ಬಂತು.”

“ಉಣ್ಣಕ್ಕಾಯ್ತ ಪುಟ್ಟಸಿದ್ದಯ್ಯ?”

“ಇನ್ನೂ ಇಲ್ಲ. ಮುದ್ದೆ ಒಲೆ ಮ್ಯಾಲದೆ.”

“ಮೀನಾ ಬಂದ್ಲ?”

ಒಲೆಗೆ ಸೌದೆ ನೂಕಿದ ಸದ್ದು. ಆಮೇಲೆ, “ಮೀನಾ? ಇಲ್ವಲ್ಲವ್ವ. ಇತ್ಲಾಗೆ ಯಾಕೆ ಬಂದಾಳು? ಪಾಪ, ಅವಳ ತಾಪತ್ರಯ ಅವಳಿಗೆ.”

ಅವನ ಮಾತಿನ ಹಿಂದೆ, ಅದೇ ಕೋಣೆಯಲ್ಲಿ, ಒಂದು ಗೆಜ್ಜೆ ಕಿಣಿ ಎಂದಿತು. ಒಡಕು ದನಿ. ಇನ್ನೊಂದು ಸಲ ಎನ್ನುವುದರೊಳಗೆ ಯಾರೋ ಅದನ್ನು ಮುಷ್ಟಿಯಲ್ಲಿ ಹಿಡಿದ ಹಾಗೆ ಸದ್ದು ನಿಂತುಹೋಯಿತು.